ಗಾಡಿಗೂ ಉಸಿರಾಡಲು ಜಾಗ ಬೇಕು

ಶಾರ್ಜಾದಲ್ಲಿ ನಮ್ಮ ಕಟ್ಟಡದ ಕೆಳಗೆ ಗಾಡಿ ನಿಲ್ಲಿಸುವ ಜಾಗದಲ್ಲಿ ಅಂಗೈ ಅಗಲದ ಒಂದು ಎಣ್ಣೆ ಕಲೆ ಇದೆ. ಎಷ್ಟು ತಿಕ್ಕಿದರೂ ಹೋಗಿಲ್ಲ. ಆ ಕಲೆ ಮೊದಲು ಕಂಡ ದಿನವೇ ಅದು ಎಲ್ಲಿಂದ ಬಂತು, ಯಾಕೆ ಬಂತು ಅಂತ ವಿಚಾರಿಸಿದ್ದರೆ ನಮಗೆ ದುಡ್ಡೂ ಉಳಿಯುತ್ತಿತ್ತು, ಒಂದು ಸಂಜೆಯ ಭಯವೂ ತಪ್ಪುತ್ತಿತ್ತು. ನಮ್ಮ ಹಾಗೆ ಹಳೇ ಗಾಡಿ ಇಟ್ಟುಕೊಂಡು ಓಡಾಡುವವರು ಇಲ್ಲಿ ಬಹಳ ಮಂದಿ ಇರುವುದರಿಂದ ನಡೆದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇವೆ.

ಗಾಡಿ ಒಂದು ಹಳೆಯ ಡಬಲ್ ಕ್ಯಾಬಿನ್ ಪಿಕಪ್. ರೂಮಿನ ನಾಲ್ವರೂ ಸೇರಿ ದುಡ್ಡು ಹಾಕಿ ಕೊಂಡದ್ದು. ಮುಲ್ಕಿಯಾ ಹಾಸನದ ಗೆಳೆಯನ ಹೆಸರಲ್ಲಿ, ಖರ್ಚಿನ ಪುಸ್ತಕ ನಮ್ಮ ಕೈಯಲ್ಲಿ. ಲೆಕ್ಕ ಬರೆಯುವುದೇ ನಮ್ಮ ಕಸುಬಾದ್ದರಿಂದ ಆ ಕೆಲಸ ತಾನಾಗಿ ನಮ್ಮ ಪಾಲಿಗೆ ಬಂತು.

ಮಳೆ ಬಿಟ್ಟು ಹೋದದ್ದು

2024ರ ಏಪ್ರಿಲ್ 16ರ ಮಳೆ ಯುಎಇಯಲ್ಲಿರುವ ಯಾರೂ ಮರೆಯುವಂಥದ್ದಲ್ಲ. ಅಲ್ ಐನ್ ಕಡೆಯ ಖತ್ಮ್ ಅಲ್ ಶಕ್ಲಾದಲ್ಲಿ 24 ಗಂಟೆಯೊಳಗೆ 254 ಮಿಲಿಮೀಟರಿಗೂ ಹೆಚ್ಚು ಮಳೆ ಬಿತ್ತು. 1949ರಲ್ಲಿ ಈ ನಾಡಿನಲ್ಲಿ ಮಳೆಯ ದಾಖಲೆ ಇಡಲು ಶುರುಮಾಡಿದ ಮೇಲೆ ಅಷ್ಟು ಮಳೆ ಆಗಿರಲಿಲ್ಲ. ನಮ್ಮ ಬೀದಿ ಕೆರೆಯಾಗಿತ್ತು. ಮನೆಗೆ ಬರುವಾಗ ನಮ್ಮ ಪಿಕಪ್ ನೀರಲ್ಲೇ ಓಡಿಬಂತು, ಆಮೇಲೆ ಚಕ್ರದ ಅರ್ಧಕ್ಕಿಂತ ಮೇಲೆ ನೀರಲ್ಲಿ ಮೂರು ದಿನ ನಿಂತಿತ್ತು.

ನೀರು ಇಳಿದ ಮೇಲೆ ನಾವು ಮಾಡಬೇಕಾದ್ದನ್ನೆಲ್ಲ ಮಾಡಿದ್ವಿ ಅಂತ ಅಂದ್ಕೊಂಡ್ವಿ. ಸೀಟು ಒಣಗಿಸಿದ್ವಿ, ಎಂಜಿನ್ ಆಯಿಲ್ ಬದಲಿಸಿದ್ವಿ, ಏರ್ ಫಿಲ್ಟರ್ ಹೊಸದು ಹಾಕಿಸಿದ್ವಿ. ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು. ಹಿಂದಿನ ಆಕ್ಸಲ್ ಕಡೆ ಯಾರೂ ಬಗ್ಗಿ ನೋಡಲಿಲ್ಲ.

ಜೂನ್‌ನಲ್ಲಿ ಕಲೆ ಕಾಣಿಸಿತು. ಎಣ್ಣೆ ದಪ್ಪಗಿತ್ತು, ಗಂಧಕದಂತೆ ಕೆಟ್ಟ ವಾಸನೆ ಬೇರೆ. ಹತ್ತಿರದ ಗ್ಯಾರೇಜಿನವರು ಕೆಳಗೆ ಬಗ್ಗಿ ನೋಡಿ, ಆಕ್ಸಲ್ ಮೇಲೆ ಇರುವ ಬ್ರೀದರ್‌ನಿಂದ ಎಣ್ಣೆ ಉಕ್ಕುತ್ತಿದೆ ಅಂದ್ರು. ಎರಡು ದಾರಿ ಹೇಳಿದ್ರು. ಬಿಚ್ಚಿ ನೋಡಿ ಎಣ್ಣೆ ಬದಲಿಸಲು 150 ದಿರ್ಹಮ್. ಸದ್ಯಕ್ಕೆ ಆ ತೂತಿಗೆ ಸಿಲಿಕಾನ್ ಹಾಕಿ ಮುಚ್ಚಲು 30 ದಿರ್ಹಮ್.

ಪುಸ್ತಕ ನಮ್ಮ ಕೈಯಲ್ಲಿತ್ತಲ್ಲ, 30ರ ದಾರಿಗೆ ಹೂಂ ಅಂದವರು ನಾವೇ. ಸೋರುವುದು ನಿಂತಿತು. ಆಗಸ್ಟ್‌ನಲ್ಲಿ ಪಾಸಿಂಗ್ ಕೂಡ ಆಯ್ತು. ತಿಂಗಳ ಲೆಕ್ಕ ಓದುವಾಗ 120 ದಿರ್ಹಮ್ ಉಳಿಸಿದ್ದೇವೆ ಅಂತ ಸ್ವಲ್ಪ ಜಂಬದಿಂದಲೇ ಹೇಳಿದ್ದೂ ನೆನಪಿದೆ.

ಇಳಿಜಾರಿನಲ್ಲಿ

ಅಕ್ಟೋಬರ್‌ನಲ್ಲಿ ಹಾಸನದ ಗೆಳೆಯನ ಹೆಂಡತಿ, ಐದು ವರ್ಷದ ಮಗಳು ವಿಸಿಟ್ ವೀಸಾದಲ್ಲಿ ಬಂದಿದ್ರು. ಅವರಿಗೆ ಜೆಬೆಲ್ ಹಫೀತ್ ತೋರಿಸೋಣ ಅಂತ ಹೊರಟ್ವಿ. ಸಾವಿರದ ಇನ್ನೂರು ಮೀಟರಿಗೂ ಎತ್ತರದ ಬೆಟ್ಟ, ಸುಮಾರು 12 ಕಿಲೋಮೀಟರ್ ತಿರುವಿನ ದಾರಿ. ಹತ್ತುವಾಗ ಏನೂ ಗೊತ್ತಾಗಲಿಲ್ಲ. ಸಂಜೆ ಇಳಿಯುವಾಗ ಮೂರನೇ ನಾಲ್ಕನೇ ತಿರುವಿಗೆ ಬ್ರೇಕ್ ಒತ್ತಿದರೆ ಗಾಡಿ ಒಂದು ಕಡೆಗೆ ಎಳೆಯತೊಡಗಿತು. ಸುಟ್ಟ ವಾಸನೆ ಬಂತು. ಪೆಡಲ್ ಮೊದಲಿಗಿಂತ ಒಳಗೆ ಹೋಗ್ತಿತ್ತು.

ಗೆಳೆಯ ಒಳ್ಳೇ ಡ್ರೈವರ್. ಮಾತಾಡದೆ ಗೇರ್ ಕೆಳಗಿಳಿಸಿ, ಎಂಜಿನ್ ಹಿಡಿತದಲ್ಲೇ ಗಾಡಿಯನ್ನು ನಿಧಾನ ಮಾಡಿ, ಪಕ್ಕದ ಪಾರ್ಕಿಂಗ್ ಜಾಗಕ್ಕೆ ತಂದು ನಿಲ್ಲಿಸಿದ. ಮಗು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿತ್ತು. ಇಳಿದು ಟಾರ್ಚ್ ಬಿಟ್ಟು ನೋಡಿದರೆ ಎಡಗಡೆ ಹಿಂದಿನ ಚಕ್ರದ ಒಳಮೈ ಪೂರ್ತಿ ಎಣ್ಣೆ, ಅದರ ಮೇಲೆ ಅಂಟಿದ ಕಪ್ಪು ಧೂಳು. ವಾರದ ಹಿಂದೆ ಗಾಡಿ ತೊಳೆಯುವಾಗಲೂ ಅದನ್ನು ನೋಡಿದ್ದೆವು, ಬರೀ ಕೊಳೆ ಅಂದುಕೊಂಡಿದ್ದೆವು.

ಆ ರಾತ್ರಿ ಗಾಡಿಯನ್ನು ರಿಕವರಿ ಲಾರಿ ಮೇಲೆ ಹಾಕಿಸಿ ತಂದ್ವಿ. ಗೆಳೆಯ ದಾರಿಯುದ್ದಕ್ಕೂ ಹೇಳಿದ್ದು ಒಂದೇ ಮಾತು: "ನನ್ನ ಮಗು ಗಾಡೀಲಿತ್ತು ಕಣೋ." ಎರಡು ದಿನ ರೂಮಿನಲ್ಲಿ ಯಾರಿಗೂ ಸರಿಯಾಗಿ ಮಾತು ಬರಲಿಲ್ಲ.

ಬ್ರೀದರ್ ಅಂದ್ರೆ ಏನು

ಒಂದು ಗ್ಯಾರೇಜಿನವರು ಡಿಫ್ರೆನ್ಶಿಯಲ್ ಪೂರ್ತಿ ಹೋಗಿದೆ, ಹಳೇದೊಂದನ್ನು ತಂದು ಕೂರಿಸಬೇಕು, 2,800 ದಿರ್ಹಮ್ ಅಂದ್ರು. ಈ ಸಲ ನಾವು ತಕ್ಷಣ ಹೂಂ ಅನ್ನಲಿಲ್ಲ. ಶಾರ್ಜಾ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸ ಮಾಡುವ ಕುಂದಾಪುರ ಕಡೆಯ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋದ್ವಿ. ಅವರು ಕೆಳಗೆ ಹೋಗಿ ಟಾರ್ಚ್ ಹಿಡಿದವರು ಅಲ್ಲಿಂದಲೇ ಕೇಳಿದ್ದು: "ಇದಕ್ಕೆ ಸಿಲಿಕಾನ್ ಹಾಕಿದ್ದು ಯಾರು ಮಾರಾಯ್ರೆ?"

ಅವರು ಬಿಡಿಸಿ ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇವೆ. ಹಿಂದಿನ ಆಕ್ಸಲ್ ಒಂದು ಮುಚ್ಚಿದ ಕಬ್ಬಿಣದ ಪೆಟ್ಟಿಗೆ. ಒಳಗೆ ಕ್ರೌನ್, ಪಿನಿಯನ್ ಹಲ್ಲುಗಳು ಗೇರ್ ಆಯಿಲ್‌ನಲ್ಲಿ ತಿರುಗುತ್ತವೆ. ಪೆಟ್ಟಿಗೆ ತುಂಬ ಎಣ್ಣೆ ಇರುವುದಿಲ್ಲ, ಮೇಲೆ ಗಾಳಿ ಇರುತ್ತದೆ. ಗಾಡಿ ಓಡಿದಂತೆ ಎಲ್ಲ ಬಿಸಿಯಾಗುತ್ತದೆ. 30 ಡಿಗ್ರಿಯ ಗಾಳಿ ಮುಚ್ಚಿದ ಜಾಗದಲ್ಲಿ 90 ಡಿಗ್ರಿಗೆ ಕಾಯ್ದರೆ ಅದರ ಒತ್ತಡ ಸುಮಾರು ಐದನೇ ಒಂದು ಭಾಗ ಏರುತ್ತದೆ. ಆ ಒತ್ತಡ ಹೊರಗೆ ಹೋಗಲೆಂದೇ ಆಕ್ಸಲ್ ಕೊಳವೆಯ ಮೇಲ್ಭಾಗದಲ್ಲಿ ಬೆರಳ ತುದಿಯಷ್ಟು ದೊಡ್ಡ ಒಂದು ಬ್ರೀದರ್ ಇಟ್ಟಿರುತ್ತಾರೆ. ಕೆಲವು ಗಾಡಿಗಳಲ್ಲಿ ಅದಕ್ಕೆ ರಬ್ಬರ್ ಪೈಪ್ ಸಿಕ್ಕಿಸಿ ತುದಿಯನ್ನು ಎತ್ತರದಲ್ಲಿ ಕಟ್ಟಿರುತ್ತಾರೆ.

ಅದನ್ನು ಮುಚ್ಚುವುದು ಅಂದರೆ ಕುಕ್ಕರ್ ವಿಷಲ್ ಮೇಲೆ ಕಲ್ಲು ಹೇರಿದ ಹಾಗೆ. ಒಳಗಿನ ಒತ್ತಡ ಬೇರೆ ದಾರಿ ಹುಡುಕುತ್ತದೆ. ಆಕ್ಸಲ್‌ನಲ್ಲಿ ಆ ದಾರಿ ಅಂದರೆ ಆಯಿಲ್ ಸೀಲ್. ನಡುವೆ ಪ್ರೊಪೆಲ್ಲರ್ ಶಾಫ್ಟ್ ಸೇರುವ ಕಡೆ ಒಂದು ಸೀಲ್, ಎರಡು ತುದಿಯಲ್ಲಿ ಚಕ್ರದ ಹತ್ತಿರ ಒಂದೊಂದು. ನಮ್ಮ ಗಾಡಿಯಲ್ಲಿ ಎಡಗಡೆ ಸೀಲ್ ಸೋತಿತು. ಎಣ್ಣೆ ನೇರ ಬ್ರೇಕ್ ಡ್ರಮ್ ಒಳಗೆ ಹೋಗಿ ಬ್ರೇಕ್ ಶೂ ನೆನೆಯಿತು. ಸಿಲಿಕಾನ್ ಹಾಕಿ ಸೋರಿಕೆ ನಿಲ್ಲಿಸಿದ್ದೇವೆ ಅಂತ ನಾವು ತಿಳಿದಿದ್ದೆವು. ನಿಜವಾಗಿ ಅದನ್ನು ನೆಲದಿಂದ ಬ್ರೇಕಿಗೆ ತಿರುಗಿಸಿದ್ದೆವು.

ಹಾಗಾದರೆ ಜೂನ್‌ನಲ್ಲಿ ಬ್ರೀದರ್‌ನಿಂದ ಎಣ್ಣೆ ಉಕ್ಕಿದ್ದು ಯಾಕೆ? ಮೆಕ್ಯಾನಿಕ್ ಎಣ್ಣೆ ಹಾಕುವ ಪ್ಲಗ್ ಬಿಚ್ಚಿ ಬೆರಳು ಅದ್ದಿ ತೋರಿಸಿದ್ರು. ಹಾಲು ಹೆಚ್ಚಾದ ಕಾಫಿಯ ಬಣ್ಣ. ನೀರು! ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಮೂಲಕ ಹೊರಗಿನದನ್ನು ಒಳಕ್ಕೆ ಎಳೆಯುತ್ತದೆ. ಹೊರಗೆ ಇದ್ದದ್ದು ಮಳೆನೀರು. ನೀರು ಸೇರಿದ ಎಣ್ಣೆಯ ಮಟ್ಟ ಏರುತ್ತದೆ, ಹಲ್ಲುಗಳು ಕಡೆದಂತೆ ನೊರೆ ಏಳುತ್ತದೆ, ಬಿಸಿಗೆ ಆ ನೊರೆ ಮೇಲೆ ಉಕ್ಕುತ್ತದೆ. ಹಾಲು ಉಕ್ಕಿದರೆ ತಟ್ಟೆ ಮುಚ್ಚಿ ಏನು ಪ್ರಯೋಜನ?

ನೀವೇ ನೋಡಬಹುದಾದದ್ದು

ಬ್ರೀದರ್ ಸುತ್ತ ಸ್ವಲ್ಪ ಎಣ್ಣೆ ಜಿಡ್ಡು ಇದ್ದರೆ ಹೆದರಬೇಕಿಲ್ಲ. ಹನಿ ಬೀಳುವಷ್ಟಾದರೆ ಕಾರಣ ಹುಡುಕಬೇಕು. ನಮಗೆ ತಿಳಿದ ಮಟ್ಟಿಗೆ ಸಾಮಾನ್ಯ ಕಾರಣಗಳು ಇವು.

ಮೊದಲನೆಯದು, ಎಣ್ಣೆ ಹೆಚ್ಚಾಗಿರುವುದು. ಬಹಳಷ್ಟು ಗಾಡಿಗಳಲ್ಲಿ ಎಣ್ಣೆಯ ಮಟ್ಟ ಹಾಕುವ ತೂತಿನ ಕೆಳಅಂಚಿಗೆ ಬಂದರೆ ಸಾಕು. ಗಾಡಿಯ ಒಂದು ಕಡೆ ಮಾತ್ರ ಎತ್ತಿ ಎಣ್ಣೆ ತುಂಬಿದರೆ ಲೆಕ್ಕ ತಪ್ಪುತ್ತದೆ. ಸಮನೆಲದ ಮೇಲೆ ನಿಲ್ಲಿಸಿಯೇ ತುಂಬಿಸಬೇಕು. ಎರಡನೆಯದು, ನಮಗಾದ ಹಾಗೆ ನೀರು ಸೇರುವುದು. ಮೂರನೆಯದು, ತಕ್ಕದ್ದಲ್ಲದ ಎಣ್ಣೆ. ಯಾವ ದರ್ಜೆ ಅಂತ ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಲಿಮಿಟೆಡ್ ಸ್ಲಿಪ್ ಡಿಫ್ರೆನ್ಶಿಯಲ್ ಇದ್ದರೆ ಅದಕ್ಕೆಂದೇ ಇರುವ ಎಣ್ಣೆ ಬೇಕು. ನಾಲ್ಕನೆಯದು, ಬ್ರೀದರ್ ತಲೆಯೇ ಸವೆದು ಅಥವಾ ಮುರಿದು ಹೋಗಿರುವುದು.

ಇದಕ್ಕೆ ಉಲ್ಟಾ ಸಮಸ್ಯೆ ಬ್ರೀದರ್ ಕಟ್ಟಿಕೊಳ್ಳುವುದು. ಮರಳು, ಕೆಸರು ಒಣಗಿ ಅದರ ತಲೆ ಅಲ್ಲಾಡುವುದಿಲ್ಲ. ಆಗ ಬ್ರೀದರ್ ಒಣಗಿರುತ್ತದೆ, ಸೀಲ್ ಸೋರುತ್ತದೆ. ಸೀಲ್ ಹೊಸದು ಹಾಕಿಸಿದರೂ ಕೆಲವೇ ತಿಂಗಳಲ್ಲಿ ಮತ್ತೆ ಸೋರಿದರೆ ಮೊದಲು ಬ್ರೀದರ್ ನೋಡಿಸಿ. ಒಂದು ಚಿಕ್ಕ ಬ್ರೀದರ್‌ಗಾಗಿ ಎರಡು ಮೂರು ಸಲ ಸೀಲ್ ಬದಲಿಸಿದವರನ್ನು ನಾವು ಕಂಡಿದ್ದೇವೆ.

ಎಣ್ಣೆ ಎಲ್ಲಿಂದ ಬರುತ್ತಿದೆ ಅಂತ ತಿಳಿಯಲು ಸುಲಭದ ದಾರಿ ಇದೆ. ಓಡುವ ಗಾಡಿಯಲ್ಲಿ ಎಣ್ಣೆ ಕೆಳಕ್ಕೆ ಇಳಿಯುತ್ತದೆ, ಗಾಳಿಗೆ ಹಿಂದಕ್ಕೆ ಹರಡುತ್ತದೆ. ಆದ್ದರಿಂದ ಹನಿ ಬೀಳುವ ಜಾಗವೇ ಮೂಲವಲ್ಲ. ಆಕ್ಸಲ್ ಚೆನ್ನಾಗಿ ಒರೆಸಿ, ಟಾಲ್ಕಂ ಪೌಡರ್ ಉದುರಿಸಿ, ಇಪ್ಪತ್ತು ಕಿಲೋಮೀಟರ್ ಓಡಿಸಿ ಬಂದು ನೋಡಿ. ಒದ್ದೆಯಾದ ಜಾಗಗಳಲ್ಲಿ ಅತಿ ಎತ್ತರದ್ದು, ಅತಿ ಮುಂದಿನದು ಯಾವುದೋ ಅದೇ ಮೂಲ. ಗಾಡಿ ತಣ್ಣಗಾದ ಮೇಲೆ ನೋಡಿ. ಬರೀ ಜ್ಯಾಕ್ ಮೇಲೆ ನಿಂತ ಗಾಡಿಯ ಕೆಳಗೆ ಮಾತ್ರ ಯಾವತ್ತೂ ನುಗ್ಗಬೇಡಿ.

ಗ್ಯಾರೇಜಿನಲ್ಲಿ ಎದುರಿಗೇ ನಿಲ್ಲಿ. ಎಣ್ಣೆ ಖಾಲಿ ಮಾಡುವ ಮುಂಚೆ ಮೇಲಿನ ಪ್ಲಗ್ ಬಿಚ್ಚಲು ಹೇಳಿ. ಕೆಳಗಿನದನ್ನು ಮೊದಲು ಬಿಚ್ಚಿ, ಮೇಲಿನದು ಹಟ ಹಿಡಿದು ಕೂತರೆ ಗಾಡಿ ಅಲ್ಲಿಂದ ಕದಲಿಸುವಂತಿಲ್ಲ. ಬಂದ ಎಣ್ಣೆಯ ಬಣ್ಣ ನೋಡಿ. ಪ್ಲಗ್‌ನ ಆಯಸ್ಕಾಂತಕ್ಕೆ ಬೂದು ಬಣ್ಣದ ನುಣುಪು ಪುಡಿ ಅಂಟಿದ್ದರೆ ಅದು ಸಹಜ ಸವೆತ. ಚೂರು, ಹಲ್ಲಿನ ತುಂಡು ಸಿಕ್ಕರೆ ಮಾತ್ರ ಡಿಫ್ರೆನ್ಶಿಯಲ್ ಬಿಚ್ಚುವ ಮಾತಾಡಬಹುದು. ನಮ್ಮದರಲ್ಲಿ ಪುಡಿ ಮಾತ್ರ ಇತ್ತು, 2,800ರ ಮಾತು ಅಲ್ಲೇ ಬಿದ್ದುಹೋಯ್ತು. ಎಣ್ಣೆ ನೆನೆದ ಬ್ರೇಕ್ ಶೂ ತೊಳೆದು ಮತ್ತೆ ಹಾಕಲು ಒಪ್ಪಬೇಡಿ, ಹೊಸದೇ ಬೇಕು.

ಪುಸ್ತಕದಲ್ಲಿ ಬರೆದದ್ದು

ಗೇರ್ ಆಯಿಲ್ ಎರಡು ಸಲ ತುಂಬಿಸಬೇಕಾಯ್ತು. ಮೊದಲ ಸಲದ್ದು ಒಳಗಿನ ನೀರು ತೊಳೆಯಲು, ಸ್ವಲ್ಪ ಓಡಿಸಿ ಖಾಲಿ ಮಾಡಿದ್ದು. ಎಣ್ಣೆಗೆ 150, ಹೊಸ ಬ್ರೀದರ್‌ಗೆ 35, ಎರಡೂ ಕಡೆ ಸೀಲ್‌ಗೆ 80, ಬ್ರೇಕ್ ಶೂಗೆ 180, ಕೂಲಿ 350. ಒಟ್ಟು 795 ದಿರ್ಹಮ್. ರಿಕವರಿ ಲಾರಿ ಬಾಡಿಗೆ ಬೇರೆ. ನಾಲ್ಕು ಪಾಲು ಮಾಡಿದರೆ ತಲೆಗೆ 198 ದಿರ್ಹಮ್ 75 ಫಿಲ್ಸ್.

ಸಿಲಿಕಾನ್ ಹಾಕಿಸಿದ್ದು ನಾವು, ಪೂರ್ತಿ ದುಡ್ಡು ನಾವೇ ಹಾಕ್ತೇವೆ ಅಂದ್ವಿ. ಹಾಸನದ ಗೆಳೆಯ ಒಪ್ಪಲಿಲ್ಲ. "ಎಲ್ರೂ ಸೇರಿ ಹೂಂ ಅಂದಿದ್ವಿ, ಎಲ್ರೂ ಹಾಕೋಣ. ಆದ್ರೆ ಇನ್ಮೇಲೆ ಎಷ್ಟು ಅಂತ ಕೇಳೋ ಮುಂಚೆ ಯಾಕೆ ಅಂತ ಕೇಳು" ಅಂದ. ಎರಡು ದಿನದ ಮೌನ ಅಲ್ಲಿಗೆ ಮುಗೀತು. ರಿಕವರಿ ಲಾರಿಯ ಬಾಡಿಗೆಯನ್ನು ಮಾತ್ರ ನಾವು ಹಟ ಮಾಡಿ ಒಬ್ಬರೇ ಕೊಟ್ಟೆವು.

ಆ ಮಾತು ನಮಗೆ ತಾಗಿತು. ನಮ್ಮ ಪುಸ್ತಕದಲ್ಲಿ ತಾರೀಖು, ವಿವರ, ಮೊತ್ತ, ಕೊಟ್ಟವರು ಅಂತ ನಾಲ್ಕು ಕಾಲಂ ಇದ್ದವು. ಈಗ ಐದನೆಯದು ಎಳೆದಿದ್ದೇವೆ: ಕಾರಣ. ಆ ಕಾಲಂ ಖಾಲಿ ಇದ್ದರೆ ದುಡ್ಡು ಕೊಡುವುದಿಲ್ಲ ಅಂತ ನಾಲ್ವರೂ ಒಪ್ಪಿದ್ದೇವೆ.

2024ರ ಮಳೆಯಲ್ಲಿ ನಿಂತಿದ್ದ ಗಾಡಿಯನ್ನು ನೀವು ಇನ್ನೂ ಓಡಿಸುತ್ತಿದ್ದರೆ, ಅಥವಾ ಅಂಥ ಗಾಡಿಯನ್ನು ಗೊತ್ತಿಲ್ಲದೆ ಸೆಕೆಂಡ್ ಹ್ಯಾಂಡ್ ಕೊಂಡಿದ್ದರೆ, ಈ ಶುಕ್ರವಾರವೋ ಭಾನುವಾರವೋ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಹಿಂದಿನ ಆಕ್ಸಲ್ ಪ್ಲಗ್ ಬಿಚ್ಚಿಸಿ ಎಣ್ಣೆಯ ಬಣ್ಣ ನೋಡಿ, ಬ್ರೀದರ್ ತಲೆ ಅಲ್ಲಾಡುತ್ತದೆಯೇ ನೋಡಿ, ಹಿಂದಿನ ಎರಡೂ ಚಕ್ರದ ಒಳಮೈ ಒಮ್ಮೆ ಬೆರಳಲ್ಲಿ ಮುಟ್ಟಿ ನೋಡಿ. ಕೊಳೆಯೋ ಎಣ್ಣೆಯೋ ಅಂತ ಬೆರಳಿಗೆ ತಕ್ಷಣ ಗೊತ್ತಾಗುತ್ತದೆ.

ಗೆಳೆಯನ ಹೆಂಡತಿ, ಮಗಳು ನವೆಂಬರ್‌ನಲ್ಲಿ ಊರಿಗೆ ಹೋದ್ರು. ಹೋಗುವ ಮುಂಚೆ ಮಗು ಬೆಟ್ಟಕ್ಕೆ ಇನ್ನೊಂದು ಸಲ ಹೋಗಬೇಕು ಅಂತ ಹಟ ಮಾಡಿತ್ತು. ಕರೆದುಕೊಂಡು ಹೋಗಿದ್ವಿ, ಅದೇ ಗಾಡಿಯಲ್ಲಿ.