ಅರ್ಧ ಮೀಟರ್ ಚೌಕದಲ್ಲಿ ಅಘನಾಶಿನಿ

ತದಡಿಯಲ್ಲಿ ಬೆಳಿಗ್ಗೆ ಏಳಕ್ಕೆ ನೀರು ಇಳಿಯುತ್ತಿತ್ತು. ಕುಮಟಾ ತಾಲ್ಲೂಕಿನ ಈ ಅಳಿವೆಯ ಕೆಸರಿನಲ್ಲಿ ಮೊಣಕಾಲವರೆಗೆ ಹೂತು ನಿಂತ ಸಾಗರ ಜೀವಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿನಿಯ ಕೈಯಲ್ಲಿದ್ದದ್ದು ಪಿವಿಸಿ ಪೈಪಿನ ಒಂದು ಚೌಕಟ್ಟು. ಉದ್ದಗಲ ಅರ್ಧ ಮೀಟರ್. ದಡದಿಂದ ನೀರಿನಂಚಿನವರೆಗೆ ಹಗ್ಗ ಎಳೆದು, ಅದರ ಗುಂಟ ಅಲ್ಲಲ್ಲಿ ಚೌಕಟ್ಟು ಇಟ್ಟು, ಒಳಗೆ ಸಿಕ್ಕ ಜೀವಿಗಳನ್ನೆಲ್ಲ ಎಣಿಸುವುದು ಅವಳ ಕೆಲಸ. ಇವತ್ತು ತಪ್ಪಿದರೆ ನಾಳೆ ಇಳಿತ ಸುಮಾರು ಐವತ್ತು ನಿಮಿಷ ತಡ. ಬಸ್ಸಿನ ವೇಳೆಗೂ ಚಂದ್ರನ ವೇಳೆಗೂ ಹೊಂದಿಸುವುದೇ ಈ ಅಧ್ಯಯನದ ಅರ್ಧ ಕಷ್ಟ.

ಮೊದಲ ಚೌಕದಲ್ಲಿ ಒಂದೂ ಬಳಚು (ಕೆಸರಿನ ಚಿಪ್ಪುಜೀವಿ) ಸಿಗಲಿಲ್ಲ. ಹತ್ತು ಮಾರು ದೂರದಲ್ಲಿ ಕಾಲಿನಿಂದಲೇ ಕೆಸರು ತಡಕಿ ಬಳಚು ಹೆಕ್ಕುತ್ತಿದ್ದ ಹೆಂಗಸಿನ ಬುಟ್ಟಿ ಆಗಲೇ ಅರ್ಧ ತುಂಬಿತ್ತು.

"ಎಂತ ಎಣಿಸ್ತೆ ತಂಗೀ, ಅಲ್ಲಿ ಎಂತದೂ ಇಲ್ಲ. ಇತ್ಲಾಗೆ ಬಾ."

"ಇಲ್ಲ ಅಂತ ಬರೆಯೂದೂ ಬೇಕು ಅಕ್ಕಾ," ಎಂದಳು ವಿದ್ಯಾರ್ಥಿನಿ. ಸಿಗುವ ಜಾಗದಲ್ಲಷ್ಟೇ ಎಣಿಸಿದರೆ ಅಳಿವೆಯ ತುಂಬ ಬಳಚೇ ಇದೆ ಎಂಬ ಸುಳ್ಳು ಲೆಕ್ಕ ಬರುತ್ತದೆ. ಸೊನ್ನೆ ಬರೆದು ಅವಳು ಕೆಸರನ್ನು ಅರ್ಧ ಮಿಲಿಮೀಟರ್ ಜರಡಿಯಲ್ಲಿ ತೊಳೆದಳು. ಉಳಿದದ್ದು ಫಾರ್ಮಲಿನ್ ಬಾಟಲಿಗೆ ಹೋಯಿತು. ಅದಕ್ಕೆ ರೋಸ್ ಬೆಂಗಾಲ್ ಬಣ್ಣ ಬೆರೆಸಿದರೆ ಕಣ್ಣಿಗೆ ಕಾಣದಂತಿದ್ದ ಹುಳುಗಳು ಗುಲಾಬಿ ಬಣ್ಣ ತಳೆದು, ಮರಳಿನ ನಡುವೆ ಎದ್ದು ತೋರುತ್ತವೆ. ಖಾಲಿ ಎನಿಸಿದ ಚೌಕ ಪ್ರಯೋಗಾಲಯದಲ್ಲಿ ಖಾಲಿಯಾಗಿ ಉಳಿಯುವುದು ಅಪರೂಪ.

ನೀರಿನ ಹನಿಯನ್ನು ರಿಫ್ರಾಕ್ಟೋಮೀಟರಿನ ಗಾಜಿಗೆ ಹಾಕಿ ಬೆಳಕಿಗೆ ಹಿಡಿದರೆ ಉಪ್ಪಿನ ಅಂಶ ಗೊತ್ತಾಗುತ್ತದೆ. ತೆರೆದ ಕಡಲಿನಲ್ಲಿ ಅದು ಕಿಲೋಗೆ ಸುಮಾರು 35 ಗ್ರಾಂ. ಬೇಸಿಗೆಯ ಕೊನೆಗೆ ಅಳಿವೆಯ ಬಾಯಿ ಹೆಚ್ಚುಕಡಿಮೆ ಕಡಲೇ. ಆಷಾಢದ ಮಳೆ ಹಿಡಿದರೆ ಅದೇ ಜಾಗ ಹೊಳೆ. ಬಳಚು ಚಿಪ್ಪು ಮುಚ್ಚಿಕೊಂಡು ಕೆಲವು ದಿನ ಕಾಯಬಲ್ಲದು, ತಿಂಗಳುಗಟ್ಟಲೆ ಅಲ್ಲ. ಶಿರಸಿಯ ಕಡೆ ಹುಟ್ಟುವ ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಇಲ್ಲಿನ ಉಪ್ಪಿನ ಏರಿಳಿತ ಮಳೆಯದೇ. ಕಾರವಾರದ ಕಾಳಿಯ ಕತೆ ಬೇರೆ: ಸೂಪಾ, ಕದ್ರಾ ಅಣೆಕಟ್ಟುಗಳಿರುವುದರಿಂದ ಅಲ್ಲಿ ಸಿಹಿನೀರಿನ ಹರಿವು ವಿದ್ಯುತ್ತಿನ ಬೇಡಿಕೆಯನ್ನೂ ಕೇಳಬೇಕು. ಎರಡೂ ಅಳಿವೆಗಳನ್ನು ಒಂದೇ ಪುಸ್ತಕದಲ್ಲಿ ದಾಖಲಿಸುತ್ತಿರುವುದು ಈ ಹುಡುಗಿಯ ಅಧ್ಯಯನದ ಬೆಲೆಯುಳ್ಳ ಭಾಗ.

ಆದರೆ ಆ ಬೆಳಿಗ್ಗೆಯನ್ನು ಕದ್ದದ್ದು ಒಂದು ಏಡಿ. ಅಳಿವೆಯ ಬಾಯಿಯ ಮರಳು ದಂಡೆಯ ತುಂಬ ಸಾಸಿವೆಗಿಂತ ತುಸು ದೊಡ್ಡ ಮರಳಿನ ಉಂಡೆಗಳು. ಬಿಲದ ಸುತ್ತ ಸೂರ್ಯನ ಕಿರಣಗಳಂತೆ ಸಾಲು ಸಾಲಾಗಿ ಹರಡಿದ್ದವು. ಡೋಟಿಲ್ಲಾ, ಸ್ಕೋಪಿಮೆರಾ ಕುಲದ ಪುಟ್ಟ ಏಡಿಗಳ ಊಟದ ಗುರುತು ಇದು. ಏಡಿ ಚಿಮುಟದಲ್ಲಿ ಮರಳು ಬಾಚಿ ಬಾಯಿಗಿಡುತ್ತದೆ. ಬಾಯಂಗಗಳ ನಡುವಿನ ನೀರಿನಲ್ಲಿ ಹಗುರವಾದ ಪಾಚಿ, ಸೂಕ್ಷ್ಮಜೀವಿಗಳು ತೇಲಿ ಒಳಗೆ ಹೋಗುತ್ತವೆ. ಭಾರದ ಮರಳು ಉಂಡೆಯಾಗಿ ಹೊರಗುಳಿಯುತ್ತದೆ. ಉಂಡೆಯನ್ನು ಕಾಲಿನಿಂದ ಹಿಂದಕ್ಕೆ ತಳ್ಳಿ ಮುಂದೆ ಸರಿಯುವುದರಿಂದ ಒಮ್ಮೆ ಜಾಲಾಡಿದ ಮರಳಿಗೆ ಎರಡನೇ ಸಲ ಬಾಯಿ ಹಾಕುವ ಪ್ರಸಂಗ ಬರುವುದಿಲ್ಲ. ನೆರಳು ಬಿದ್ದರೆ ಸಾಕು, ದಂಡೆಯೇ ಬರಿದು. ವಿದ್ಯಾರ್ಥಿನಿ ಅಲುಗದೆ ಕೂತಳು. ಸ್ವಲ್ಪ ಹೊತ್ತಿಗೆ ಒಂದು ಏಡಿ ಇಣುಕಿತು, ಮತ್ತೊಂದು ಬಂತು, ಆಮೇಲೆ ದಂಡೆಯೆಲ್ಲ ಕೆಲಸಕ್ಕಿಳಿಯಿತು. ನೀರು ಏರುವಾಗ ಈ ಬಳಗದ ಕೆಲವು ಏಡಿಗಳು ತಲೆಯ ಮೇಲೆ ಮರಳು ಮುಚ್ಚಿಕೊಂಡು, ತುಸು ಗಾಳಿಯ ಜೊತೆ ನೆಲದಡಿ ಕೂರುತ್ತವೆ! ಅವಳ ನಮೂನೆ ಹಾಳೆಯಲ್ಲಿ ಉಂಡೆಗಳಿಗೆ ಕಾಲಂ ಇರಲಿಲ್ಲ. ಪೆನ್ಸಿಲಿನಲ್ಲಿ ಹೊಸದೊಂದು ಗೀರು ಎಳೆದಳು.

ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ 2024ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದ ಸುದ್ದಿ ಬಂತು. ಉಪ್ಪುನೀರಿನ ಗಜನಿ ಗದ್ದೆಯ ಕಗ್ಗ ಭತ್ತ, ಸಾಣಿಕಟ್ಟೆಯ ಉಪ್ಪು, ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಈ ಅಳಿವೆಯವೇ. ರಾಮ್ಸಾರ್ ಮನ್ನಣೆಗೂ ಮೊದಲು ತದಡಿಗೆ ಉಷ್ಣ ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಿತ್ತು, ಊರಿನವರು ವಿರೋಧಿಸಿದ್ದರು. ಇಂಥ ಯೋಜನೆಗಳ ಪರಿಣಾಮ ಅಳೆಯುವ ಹೊತ್ತಿಗೆ ಒಂದೇ ಋತುವಿನಲ್ಲಿ ನಾಲ್ಕು ದಿನ ಓಡಾಡಿ ಬರೆದ ಜೀವಿಗಳ ಪಟ್ಟಿಯನ್ನು ನಂಬುವುದು ಕಷ್ಟ. ಮೇ ತಿಂಗಳ ಅಳಿವೆ ಜುಲೈಯ ಅಳಿವೆಯಲ್ಲ. ವರ್ಷವಿಡೀ ಅದೇ ಹಗ್ಗದ ಗುಂಟ ನಡೆದವರ ಸೊನ್ನೆಗಳಿಗೂ ಆ ಪಟ್ಟಿಗಿಂತ ತೂಕ ಹೆಚ್ಚು.

ಹನ್ನೊಂದರ ಹೊತ್ತಿಗೆ ನೀರು ತಿರುಗಿ ಬಂದು ಉಂಡೆಗಳ ಮೊದಲ ಸಾಲನ್ನು ಕರಗಿಸಿತು. ಬುಟ್ಟಿ ಹೊತ್ತ ಹೆಂಗಸು ದಂಡೆ ಏರುತ್ತ ಹೇಳಿದಳು: "ಅಮಾಸೆ ದಿನ ಬೆಳಗಾಗುದ್ರೊಳಗೆ ಬಾ. ಇನ್ನೂ ಆಚೆವರೆಗೆ ಒಣಗ್ತದೆ."

ವಿದ್ಯಾರ್ಥಿನಿ ಅದನ್ನು ಒದ್ದೆ ಪುಸ್ತಕದ ಅಂಚಿನಲ್ಲಿ ಬರೆದುಕೊಂಡು, ಚೌಕಟ್ಟಿನ ಕೆಸರು ತೊಳೆಯಲು ನೀರಿಗಿಳಿದಳು.