ಕಬ್ಬಿನ ಗದ್ದೆ ಮತ್ತು ಹಳೆಯ ಮಾರಿಸ್ ಮೈನರ್

ರಾಯಬಾಗ ತಾಲ್ಲೂಕಿನ ಪಾಲಬಾವಿಯ ಕಡೆ ಕಬ್ಬು ಕಡಿಯುವ ಕಾಲದಲ್ಲಿ ಹೋದರೆ, ಕಬ್ಬು ಹೇರಿಕೊಂಡು ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳನ್ನು ಕಾಣುತ್ತೀರಿ. ಆ ಕಬ್ಬಿಗೂ 1948ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಮಾರಿಸ್ ಮೈನರ್ ಕಾರಿಗೂ ಏನು ಸಂಬಂಧ? ಉತ್ತರ ಪೆಟ್ರೋಲ್ ಟ್ಯಾಂಕಿನಲ್ಲಿದೆ.

ಮೊದಲು ಕಾರಿನ ಪರಿಚಯ ಮಾಡಿಕೊಳ್ಳೋಣ. ಅಲೆಕ್ ಇಸಿಗೊನಿಸ್ ಎಂಬ ಇಂಜಿನಿಯರ್ ಸಾಮಾನ್ಯ ಕುಟುಂಬಗಳಿಗಾಗಿ ರೂಪಿಸಿದ ಮೈನರ್, ಹತ್ತು ಲಕ್ಷದ ಗಡಿ ಮುಟ್ಟಿದ ಮೊದಲ ಬ್ರಿಟಿಷ್ ಕಾರು. ನಮ್ಮಲ್ಲಿ ಹಿಂದುಸ್ತಾನ್ ಮೋಟಾರ್ಸ್ ಇದನ್ನು ‘ಬೇಬಿ ಹಿಂದುಸ್ತಾನ್’ ಎಂದು ಕರೆಯಿತು. ಇದರ ಅಣ್ಣನಂತಿದ್ದ ಮಾರಿಸ್ ಆಕ್ಸ್‌ಫರ್ಡ್ ಇಲ್ಲಿ ಅಂಬಾಸಡರ್ ಆಗಿ 2014ರವರೆಗೂ ತಯಾರಾಯಿತು. ಮೈನರ್‌ನ ಬಾನೆಟ್ಟಿನ ನಡುವೆ ಒಂದು ಪಟ್ಟಿಯಿದೆ, ಗಮನಿಸಿ. ಕಾರು ತೀರ ಕಿರಿದೆನಿಸಿದ್ದರಿಂದ ಮಾದರಿಯನ್ನು ಉದ್ದಕ್ಕೆ ಸೀಳಿ 4 ಅಂಗುಲ ಅಗಲ ಮಾಡಿದ ಗುರುತು ಅದು!

ಇಂಥ ಕಾರನ್ನು ಪೂರ್ತಿಯಾಗಿ ದುರಸ್ತಿ ಮಾಡಿದರೆಂದರೆ ನಾವು ನೋಡುವುದು ಬಣ್ಣವನ್ನು. ಟೀವಿ ಕ್ಯಾಮೆರಾಕ್ಕೂ ಹೊಳಪೆಂದರೆ ಪ್ರೀತಿ. ಆದರೆ ಮೈನರ್‌ಗೆ ಪ್ರತ್ಯೇಕ ಚಾಸಿ ಇಲ್ಲ. ತಗಡಿನ ಮೈಯೇ ಭಾರ ಹೊರಬೇಕು. ತುಕ್ಕು ಹಿಡಿದ ತಳವನ್ನು ಬಣ್ಣದಿಂದ ಮುಚ್ಚಿದರೆ ಕಾರು ಉಳಿಯದು.

ತಳ ಗಟ್ಟಿಯಾಯಿತೆನ್ನಿ, ಆಗ ಇಂಧನದ ಪ್ರಶ್ನೆ. ನಮ್ಮ ದೇಶದಲ್ಲಿ 2023ರಿಂದ ಹಂತಹಂತವಾಗಿ ಬಂದ ಇ20 ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥೆನಾಲ್. ಅದನ್ನು ಕಬ್ಬಿನ ರಸ, ಕಾಕಂಬಿ, ಧಾನ್ಯಗಳಿಂದ ತಯಾರಿಸುತ್ತಾರೆ. ಇದರಿಂದ ಹೊರದೇಶದ ತೈಲದ ಖರ್ಚು ಇಳಿಯುತ್ತದೆ, ಕಬ್ಬಿಗೆ ಇನ್ನೊಂದು ದಾರಿ ತೆರೆಯುತ್ತದೆ. ಆದರೆ 1948ರ ರಬ್ಬರಿಗೆ ಎಥೆನಾಲ್ ಅಪರಿಚಿತ. ಹಳೆಯ ಪೈಪು, ಪಂಪಿನ ಪೊರೆಗಳು ಉಬ್ಬಿ, ಬಿರಿದು ಸೋರಬಹುದು. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಬೆಂಕಿಯ ಭಯ. ಆದ್ದರಿಂದ ಎಥೆನಾಲ್ ತಾಳುವ ಪೈಪುಗಳನ್ನು ಹಾಕಲೇಬೇಕು. ‘ಎಲ್ಲವೂ ಮೂಲದಂತೆಯೇ ಇರಲಿ’ ಎಂಬ ಹಟ ಇಲ್ಲಿ ಸಲ್ಲದು ಎಂದೇ ನನ್ನ ಅಭಿಪ್ರಾಯ.

ಇನ್ನೊಂದು ತೊಡಕಿದೆ. 1 ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥೆನಾಲ್‌ಗೆ 9 ಕಿಲೋ ಸಾಕು. ಹಾಗಾಗಿ ಹಳೆಯ ಕಾರ್ಬುರೇಟರ್‌ನಲ್ಲಿ ಇ20 ಬಳಸಿದರೆ ಇಂಧನಕ್ಕಿಂತ ಗಾಳಿ ಹೆಚ್ಚಾಗಿ ಇಂಜಿನ್ ತಡವರಿಸುತ್ತದೆ. ಅದೃಷ್ಟಕ್ಕೆ ಮೈನರ್‌ನ ಎಸ್‌ಯು ಕಾರ್ಬುರೇಟರ್‌ನ ಅಡಿಯಲ್ಲಿ ಒಂದು ನಟ್ಟಿದೆ. ಅದನ್ನು ತಿರುಗಿಸಿ ಜೆಟ್ ಕೊಳವೆಯನ್ನು ತುಸು ಇಳಿಸಿದರೆ, ಸೂಜಿಯ ಸುತ್ತಲಿನ ಸಂದು ಹಿಗ್ಗಿ ಹೆಚ್ಚು ಇಂಧನ ಬರುತ್ತದೆ. ಕಂಪ್ಯೂಟರ್ ಬೇಡ, ಸ್ಪ್ಯಾನರ್ ಸಾಕು!

ಎಥೆನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ನೀರು ಮಿತಿಮೀರಿದರೆ ಎಥೆನಾಲ್ ಜೊತೆ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತದೆ, ಅಲ್ಲಿ ತುಕ್ಕು ಹಿಡಿಯುತ್ತದೆ. ತಿಂಗಳುಗಟ್ಟಲೆ ನಿಲ್ಲುವ ಕಾರಿಗೆ ಇದೇ ದೊಡ್ಡ ಶತ್ರು. ಧರ್ಮಸ್ಥಳದ ಮಂಜೂಷಾ ವಸ್ತು ಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ನೋಡಲು ಹೋದಾಗ, ನಿಲ್ಲಿಸುವ ಮೊದಲು ಟ್ಯಾಂಕ್ ಬರಿದು ಮಾಡುತ್ತೀರಾ ಎಂದು ಅಲ್ಲಿಯವರನ್ನು ಕೇಳಿ ನೋಡಿ.