ಆಮೆಗಳ ತೀರದಲ್ಲಿ ಡೇರೆ

ಕಾರವಾರದಿಂದ ಮರವಂತೆಗೆ ಹೆದ್ದಾರಿ 66ರಲ್ಲಿ ಸುಮಾರು 150 ಕಿ.ಮೀ. ಒಂದೇ ದಿನದಲ್ಲಿ ಮುಗಿಸಬಹುದಾದ ದಾರಿ. ಆದರೆ ಮಕ್ಕಳೊಂದಿಗೆ ಹೊರಟವರು ಮೂರು ದಿನವಾದರೂ ಇಟ್ಟುಕೊಳ್ಳುವುದು ಒಳ್ಳೆಯದು. ಗಂಗಾವಳಿ, ಅಘನಾಶಿನಿ, ಶರಾವತಿ ಕಡಲು ಸೇರುವುದು ಈ ದಾರಿಯಲ್ಲೇ.

ಕುಮಟಾ ಸಮೀಪ ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ನೀರು ಸರಿದು ಕೆಸರಿನ ಬಯಲು ತೆರೆದುಕೊಳ್ಳುತ್ತದೆ. ಬಳಚು ಆರಿಸಲು ಜನ ಇಳಿಯುತ್ತಾರೆ, ಜೊತೆಗೆ ಬೆಳ್ಳಕ್ಕಿಗಳೂ. ತೆಂಗಿನತುರಿ ಹಾಕಿದ ಬಳಚಿನ ಸುಕ್ಕ ಊಟಕ್ಕೆ ಸಿಕ್ಕರೆ ಬಿಡಬೇಡಿ. ಕುಂದಾಪುರದವರ ಕಾಣೆ ಮೀನಿಗೆ ಇಲ್ಲಿ ನೊಗಲಿ ಎಂದು ಹೆಸರು. ಜೂನ್, ಜುಲೈಗಳಲ್ಲಿ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿರುವುದರಿಂದ ಪ್ರವಾಸಕ್ಕೆ ಚಳಿಗಾಲವೇ ಸರಿ.

ಆಲಿವ್ ರಿಡ್ಲೆ ಕಡಲಾಮೆಗಳು ಹೊನ್ನಾವರದ ಕಾಸರಕೋಡಿನ ಮರಳಿಗೆ ಮೊಟ್ಟೆಯಿಡಲು ಬರುವುದೂ ಆಗಲೇ. ಒಂದು ಗೂಡಿನಲ್ಲಿ ನೂರರಷ್ಟು ಮೊಟ್ಟೆ. 45ರಿಂದ 60 ದಿನಗಳಲ್ಲಿ ಹೊರಬಂದ ಮರಿ, ಬೆಳಕು ಹೆಚ್ಚಿರುವ ಕಡೆಗೆ ತೆವಳುತ್ತದೆ. ಕತ್ತಲ ತೀರದಲ್ಲಿ ಆ ಬೆಳಕು ಕಡಲಿನದು. ಡೇರೆಯ ಮುಂದೆ ದೀಪವೋ ಬೆಂಕಿಯೋ ಉರಿಯುತ್ತಿದ್ದರೆ ಅತ್ತಲೇ ತಿರುಗುತ್ತದೆ. ಬೆಳಗಾಗುವಷ್ಟರಲ್ಲಿ ನಾಯಿ, ಕಾಗೆಗಳ ಪಾಲು. ಆದ್ದರಿಂದ ಡೇರೆ ಮರಳಿನ ಮೇಲೆ ಬೇಡ. ಅನುಮತಿ ಪಡೆದು, ಗಾಳಿಮರದ ತೋಪಿನ ಆಚೆ ಹಾಕಿ. ಅರಣ್ಯ ಇಲಾಖೆಯವರು ಬೇಲಿ ಕಟ್ಟಿದ ಗೂಡು ಕಂಡರೆ ದೂರದಿಂದಲೇ ನೋಡಿ.

ಹೆತ್ತವರಿಗೆ ಇನ್ನೊಂದು ಮಾತು. 2024ರ ಡಿಸೆಂಬರಿನಲ್ಲಿ ಇದೇ ದಾರಿಯ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಅಲೆಗೆ ಸಿಕ್ಕಿ ತೀರಿಕೊಂಡರು. ಜೀವರಕ್ಷಕರಿಲ್ಲದ ಕಡೆ ಮಕ್ಕಳನ್ನು ನೀರಿಗೆ ಬಿಡಬೇಡಿ. ಮರವಂತೆಯಲ್ಲಿ ರಸ್ತೆಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ನದಿ. ದಡದಲ್ಲೇ ಕುಳಿತು ನೋಡಿದರೂ ಸಂಜೆ ಸಾಲದು.